ಒಂದೇ ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಸಾಫ್ಟ್‌ಬಾಲ್ ಕೋಚ್ ಕೆರೊಲ್ ಹಚಿನ್ಸ್ ಅವರನ್ನು ಅಷ್ಟು ದೊಡ್ಡವರೆಂದು ಏಕೆ ಹೇಳುತ್ತಾರೆ?

ನಿಮ್ಮ ಪ್ರಶ್ನೆಯೊಳಗೆ ಒಂದು ಹೋಲಿಕೆ ಇದೆ. ಒಕ್ಲಹೋಮಾದ ಪ್ಯಾಟಿ ಗ್ಯಾಸೊ ತಮ್ಮ ವಿಶ್ವವಿದ್ಯಾಲಯಕ್ಕೆ ಎಂಟು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದಾರೆ, ಅರಿಜೋನಾದ ಮೈಕ್ ಕ್ಯಾಂಡ್ರಿಯಾ ಅವರೂ ಎಂಟು ತಂದುಕೊಟ್ಟರು. ಮಿಷಿಗನ್ ವಿಶ್ವವಿದ್ಯಾಲಯದ ಕೆರೊಲ್ ಹಚಿನ್ಸ್ ತಂದದ್ದು ಒಂದೇ. ಹೀಗಿರುವಾಗ ಇವರ ಹೆಸರನ್ನು ಅವರಿಬ್ಬರ ಪಕ್ಕದಲ್ಲಿ ಹೇಗೆ ಇಡುತ್ತಾರೆ ಎಂದು ಕೇಳಿದ್ದೀರಿ. ಅವರ ತಂಡದ ಒಂದೇ ಒಂದು ಪಂದ್ಯ ನೋಡುವುದಾದರೆ ಯಾವುದನ್ನು ನೋಡಲಿ ಎಂದೂ ಕೇಳಿದ್ದೀರಿ. ಎರಡಕ್ಕೂ ಉತ್ತರಿಸುತ್ತೇನೆ. ನಾನು ಹಾಸನದ ಕಡೆಯವಳು. 2007ರಿಂದ ಮಿಷಿಗನ್ ವಿಶ್ವವಿದ್ಯಾಲಯ ಇರುವ ಊರಾದ ಆನ್ ಆರ್ಬರ್‌ನಲ್ಲಿ ಇದ್ದೇನೆ. ಹಚಿನ್ಸ್ ಅವರ ತಂಡ ಆಡುತ್ತಿದ್ದ ಮೈದಾನದಲ್ಲಿ ಮಗಳ ಜೊತೆ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಆದ್ದರಿಂದ ಇದು ನಿಷ್ಪಕ್ಷಪಾತವಾದ ಉತ್ತರವಲ್ಲ; ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಂಕಿಗಳಿಂದಲೇ ಶುರು ಮಾಡೋಣ, ಏಕೆಂದರೆ ನೀವು ಎಣಿಸಿದ್ದು ಒಂದೇ ಅಂಕಿಯನ್ನು. ಹಚಿನ್ಸ್ 1985ರಿಂದ 2022ರವರೆಗೆ, ಅಂದರೆ 38 ಋತುಗಳ ಕಾಲ, ಮಿಷಿಗನ್‌ನ ಮುಖ್ಯ ಕೋಚ್ ಆಗಿದ್ದರು. ಅದಕ್ಕೂ ಮೊದಲು ಫೆರಿಸ್ ಸ್ಟೇಟ್ ಎಂಬ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಮುಖ್ಯ ಕೋಚ್ ಆಗಿ, ಮಿಷಿಗನ್‌ನಲ್ಲಿ ಎರಡು ವರ್ಷ ಸಹಾಯಕರಾಗಿ ದುಡಿದಿದ್ದರು. ನಿವೃತ್ತರಾದಾಗ ಅವರ ಖಾತೆಯಲ್ಲಿ 1,707 ಗೆಲುವು, 555 ಸೋಲು, 5 ಸಮಬಲದ ಪಂದ್ಯಗಳಿದ್ದವು. ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಉನ್ನತ ಹಂತದಲ್ಲಿ ಅಷ್ಟು ಗೆಲುವು ಆವರೆಗೆ ಯಾರಿಗೂ ಬಂದಿರಲಿಲ್ಲ. ಕ್ಯಾಂಡ್ರಿಯಾ ಅವರಿಗೂ ಇಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ, ಯಾವ ಕ್ರೀಡೆಯನ್ನೇ ತೆಗೆದುಕೊಳ್ಳಿ, ಗಂಡಸಿರಲಿ ಹೆಂಗಸಿರಲಿ, ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಬಿಗ್ ಟೆನ್ ಎಂಬ ತಮ್ಮ ಪ್ರಾದೇಶಿಕ ಲೀಗನ್ನು 22 ಬಾರಿ ಗೆದ್ದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಸಂಗತಿ ಬೇರೆ: ಆ 38 ವರ್ಷಗಳಲ್ಲಿ ಒಂದು ವರ್ಷವೂ ಅವರ ತಂಡದ ಸೋಲುಗಳು ಗೆಲುವುಗಳನ್ನು ಮೀರಲಿಲ್ಲ. ಆಟಗಾರ್ತಿಯರು ನಾಲ್ಕು ವರ್ಷಕ್ಕೆ ಪದವಿ ಮುಗಿಸಿ ಹೊರಟುಹೋಗುತ್ತಾರೆ. ಮತ್ತೆ ಹದಿನೆಂಟರ ಹುಡುಗಿಯರನ್ನು ಕರೆತಂದು ಮೊದಲಿನಿಂದ ಕಟ್ಟಬೇಕು. ಹಾಗೆ ಒಂಬತ್ತು ತಲೆಮಾರುಗಳನ್ನು ಕಟ್ಟಿದರು ಎಂದು ಲೆಕ್ಕ ಹಾಕಿಕೊಳ್ಳಿ.

ಈಗ ಹಿಮದ ಮಾತು. ಊರಿನಿಂದ ಯಾರಾದರೂ ಬಂದು "ಮಾರ್ಚ್ ಎಂದರೆ ಬೇಸಿಗೆ ಅಲ್ಲವೇ" ಎಂದರೆ ನನಗೆ ಮೈದಾನದ ಅಂಚಿನಲ್ಲಿ ಗುಡ್ಡೆ ಹಾಕಿದ ಹಿಮ ನೆನಪಾಗುತ್ತದೆ. ಕಾಲೇಜು ಸಾಫ್ಟ್‌ಬಾಲ್ ಋತು ಶುರುವಾಗುವುದು ಫೆಬ್ರುವರಿಯಲ್ಲಿ. ಆಗ ಇಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಕ್ಯಾಲಿಫೋರ್ನಿಯಾದ ಹುಡುಗಿಯರು ಬಿಸಿಲಲ್ಲಿ ನಿಜವಾದ ಮಣ್ಣಿನ ಮೇಲೆ ಜಾರಿ ಬೇಸ್ (ರನ್‌ಗೆ ಓಡುವಾಗ ಮುಟ್ಟಬೇಕಾದ ಗುರುತು) ಮುಟ್ಟುವ ಅಭ್ಯಾಸ ಮಾಡುತ್ತಿರುವಾಗ, ಇಲ್ಲಿನವರು ಸೂರಿನಡಿ ಕೃತಕ ಹಾಸಿನ ಮೇಲೆ ಚೆಂಡು ಹಿಡಿಯುತ್ತಿರುತ್ತಾರೆ. ಋತುವಿನ ಮೊದಲ ವಾರಗಳೆಲ್ಲ ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾ ಎಂದು ಪರವೂರಿನ ಮೈದಾನಗಳಲ್ಲೇ ಕಳೆಯುತ್ತವೆ. ತರಗತಿ, ಪರೀಕ್ಷೆ ಎಲ್ಲ ಇದ್ದೇ ಇರುತ್ತವೆ. ವಾರದ ಕೊನೆ ಬಂತೆಂದರೆ ವಿಮಾನ. ತವರಿನಲ್ಲಿ ಮೊದಲ ಪಂದ್ಯ ಆಡುವುದು ಮಾರ್ಚ್ ಮುಗಿಯುತ್ತ ಬಂದಾಗ. ಆ ಪಂದ್ಯಗಳಿಗೆ ನಾವು ಹೋಗುತ್ತಿದ್ದದ್ದು ಕಂಬಳಿ ಹೊದ್ದು, ಫ್ಲಾಸ್ಕ್‌ನಲ್ಲಿ ಫಿಲ್ಟರ್ ಕಾಫಿ ತುಂಬಿಕೊಂಡು. ಬೆರಳು ಸೆಟೆದುಕೊಳ್ಳುವ ಆ ಚಳಿಯಲ್ಲಿ ಪಿಚರ್, ಅಂದರೆ ಚೆಂಡೆಸೆಯುವ ಹುಡುಗಿ, ತೋಳನ್ನು ಪೂರ್ತಿ ಚಕ್ರದಂತೆ ಸುತ್ತಿಸಿ, ಸೊಂಟದ ಮಟ್ಟದಿಂದ, 43 ಅಡಿ ದೂರದ ಬ್ಯಾಟರ್ ಕಡೆಗೆ ಚೆಂಡು ಬಿಡುವುದನ್ನು ನೋಡಿದಾಗ ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿತು. ಹೆಸರಿನಲ್ಲಿ ಸಾಫ್ಟ್ ಇದ್ದರೂ ಚೆಂಡು ಮೆತ್ತಗಿಲ್ಲ, ಬರುವ ವೇಗವಂತೂ ಮೆತ್ತಗಿಲ್ಲವೇ ಇಲ್ಲ.

ಈ ಹವೆಯ ಅಂತರ ಪ್ರಶಸ್ತಿಗಳ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಷಿಪ್ ಆರಂಭಿಸಿದ್ದು 1982ರಲ್ಲಿ. ಅಲ್ಲಿಂದ 2004ರವರೆಗೆ, 23 ವರ್ಷ, ಪ್ರಶಸ್ತಿ ಹೋದದ್ದು ನಾಲ್ಕೇ ರಾಜ್ಯಗಳಿಗೆ: ಕ್ಯಾಲಿಫೋರ್ನಿಯಾ, ಅರಿಜೋನಾ, ಟೆಕ್ಸಸ್, ಒಕ್ಲಹೋಮಾ. ಮಿಸಿಸಿಪಿ ನದಿಯ ಪೂರ್ವಕ್ಕೆ ಅದು ದಾಟಿರಲೇ ಇಲ್ಲ. ಒಳ್ಳೆಯ ಆಟಗಾರ್ತಿಯರು ಹುಟ್ಟುವುದೂ ಬಿಸಿಲಿನ ಸೀಮೆಯಲ್ಲಿ, ಓದಲು ಬಯಸುವುದೂ ಅಲ್ಲೇ. ಅಂಥವರನ್ನು ಹಿಮದೂರಿಗೆ ಬಾ ಎಂದು ಒಪ್ಪಿಸುವುದು ಸುಲಭದ ಕೆಲಸವಲ್ಲ.

ಆದರೆ ಹಚಿನ್ಸ್ ಅವರನ್ನು ನಾನು ಗೌರವಿಸುವುದಕ್ಕೆ ಕಾರಣ ಹವೆಯಲ್ಲ, ಅವರು ಕೋಚ್ ಆಗುವುದಕ್ಕೂ ಮುಂಚಿನ ಒಂದು ಸಂಗತಿ. ಅವರು ಲ್ಯಾನ್ಸಿಂಗ್‌ನವರು. ಪಕ್ಕದಲ್ಲೇ ಇದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿ ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಎರಡನ್ನೂ ಆಡಿದರು. (ಮಿಷಿಗನ್‌ಗೂ ಮಿಷಿಗನ್ ಸ್ಟೇಟ್‌ಗೂ ಹಾವು ಮುಂಗುಸಿಯ ಸಂಬಂಧ. ಅಲ್ಲಿ ಓದಿದವರು ಇಲ್ಲಿ ಜೀವಮಾನವಿಡೀ ದುಡಿದರು ಎಂಬುದೇ ಇಲ್ಲಿನವರಿಗೆ ಒಂದು ವಿಶೇಷ.) 1976ರಲ್ಲಿ, ಅವರ ಮೊದಲ ವರ್ಷದಲ್ಲೇ, ಆ ತಂಡ ರಾಷ್ಟ್ರೀಯ ಸಾಫ್ಟ್‌ಬಾಲ್ ಪ್ರಶಸ್ತಿ ಗೆದ್ದಿತು. ಎನ್‌ಸಿಎಎ ಆಗ ಮಹಿಳಾ ಕ್ರೀಡೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಚಾಂಪಿಯನ್‌ಷಿಪ್ ನಡೆಸಿದ್ದು ಮಹಿಳೆಯರೇ ಕಟ್ಟಿಕೊಂಡಿದ್ದ ಎಐಎಡಬ್ಲ್ಯು ಎಂಬ ಸಂಘ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ನಡೆದದ್ದೇ ಬೇರೆ. ಅದೇ ವಿಶ್ವವಿದ್ಯಾಲಯದ ಪುರುಷರ ತಂಡದಲ್ಲಿ ಆಗ ಮುಂದೆ ಜಗತ್ಪ್ರಸಿದ್ಧರಾದ ಮ್ಯಾಜಿಕ್ ಜಾನ್ಸನ್ ಆಡುತ್ತಿದ್ದರು. 1979ರಲ್ಲಿ ಆ ಪುರುಷರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಒಂದೇ ಸಂಸ್ಥೆ, ಒಂದೇ ಆಟ. ಆದರೆ ಪ್ರವಾಸದ ಊಟದ ಭತ್ಯೆ ಹುಡುಗರಿಗೆ ಹೆಚ್ಚು, ಹುಡುಗಿಯರಿಗೆ ಕಡಿಮೆ. ತಂಗುವ ವ್ಯವಸ್ಥೆಯಲ್ಲೂ ಅದೇ ತಾರತಮ್ಯ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎಂಬ ಕಾನೂನು 1972ರಲ್ಲೇ ಬಂದಿತ್ತು. ಅದೇ ಟೈಟಲ್ ನೈನ್. ಕಾನೂನು ಪುಸ್ತಕದಲ್ಲಿತ್ತು, ಮೈದಾನಕ್ಕೆ ಬಂದಿರಲಿಲ್ಲ. ಆಟಗಾರ್ತಿಯರು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. ಆ ಮೊಕದ್ದಮೆಗೆ ಇಂದಿಗೂ ಇರುವ ಹೆಸರು 'ಹಚಿನ್ಸ್ ವಿರುದ್ಧ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ'. ತಾನು ಓದುತ್ತಿರುವ ಸಂಸ್ಥೆಯ ವಿರುದ್ಧ, ತನ್ನದೇ ಹೆಸರಿನಲ್ಲಿ, ಇನ್ನೂ ಪದವಿ ಮುಗಿಯದ ಹುಡುಗಿ.

ಇದನ್ನು ಮೊದಲ ಬಾರಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಪದವಿ ಓದಿದ ಕಾಲೇಜಿನಲ್ಲಿ ವಾಲಿಬಾಲ್ ತಂಡದಲ್ಲಿದ್ದೆ. ಹುಡುಗರ ಕ್ರಿಕೆಟ್ ಅಭ್ಯಾಸ ಮುಗಿಯುವವರೆಗೆ ನಾವು ಗೋಡೆಯ ಬದಿಯಲ್ಲಿ ಕುಳಿತು ಕಾಯಬೇಕಿತ್ತು. ಮುಗಿಯುವ ಹೊತ್ತಿಗೆ ಕತ್ತಲಾಗುತ್ತಿತ್ತು. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆಂದು ಅರ್ಧದಷ್ಟು ಹುಡುಗಿಯರು ಎದ್ದು ಹೊರಡುತ್ತಿದ್ದರು. ಅಂತರ ಕಾಲೇಜು ಪಂದ್ಯಕ್ಕೆ ಹೋದಾಗ ಹುಡುಗರಿಗೆ ಊಟಕ್ಕೆ ಹಣ ಕೊಟ್ಟು, ನಮಗೆ ಮನೆಯಿಂದ ಬುತ್ತಿ ತನ್ನಿ ಎಂದಿದ್ದರು. ನಾವು ಬುತ್ತಿ ತಂದೆವು. ಕೇಳಬಹುದು ಎಂಬುದೇ ನಮಗೆ ಹೊಳೆಯಲಿಲ್ಲ. ಹಚಿನ್ಸ್ ಕೇಳಿದರು. ಅದಕ್ಕೇ ಅವರ 1,707 ಗೆಲುವಿನ ಪಟ್ಟಿಗೆ ಈ ಮೊಕದ್ದಮೆಯನ್ನು ನಾನು ಮೊದಲನೆಯದಾಗಿ ಸೇರಿಸುತ್ತೇನೆ.

ಅವರು ಈ ಮಾತನ್ನು ಅಲ್ಲಿಗೆ ಬಿಡಲೂ ಇಲ್ಲ. ಕೋಚ್ ಆಗಿ ಹೆಸರು ಮಾಡಿದ ಮೇಲೆ ಮತ್ತೊಂದು ಸಂಗತಿಯನ್ನು ಬೆನ್ನು ಹಿಡಿದರು: ಮಹಿಳಾ ತಂಡಗಳಿಗೆ ಮಹಿಳೆಯರೇ ಏಕೆ ಕೋಚ್ ಆಗುತ್ತಿಲ್ಲ? ಟೈಟಲ್ ನೈನ್ ಬಂದಾಗ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವಕ್ಕೆ ಮಹಿಳೆಯರೇ ಕೋಚ್ ಆಗಿದ್ದರು. ಆಗ ಆ ಕೆಲಸಕ್ಕೆ ಸಂಬಳ ಇರಲಿಲ್ಲ, ಇದ್ದರೂ ಹೆಸರಿಗಷ್ಟೇ. ಕಾನೂನಿನ ಒತ್ತಾಯದಿಂದ ಸಂಬಳ, ಸೌಲಭ್ಯ ಬಂದ ಮೇಲೆ ಗಂಡಸರು ಅರ್ಜಿ ಹಾಕತೊಡಗಿದರು. ಇಂದು ಮಹಿಳಾ ಕೋಚ್‌ಗಳ ಪಾಲು ಅರ್ಧಕ್ಕಿಂತ ಕಡಿಮೆ. ಗಿಡ ನೆಟ್ಟವರು ಒಬ್ಬರು, ಹಣ್ಣು ತಿಂದವರು ಇನ್ನೊಬ್ಬರು. ಹಚಿನ್ಸ್ ತಮ್ಮ ಮಟ್ಟಿಗೆ ಉತ್ತರವನ್ನು ಕೆಲಸದಲ್ಲಿ ಕೊಟ್ಟರು. ಬಾನಿ ಥೋಲ್ ಎಂಬವರು ಹಚಿನ್ಸ್ ಕೈಕೆಳಗೆ ಆಟಗಾರ್ತಿಯಾಗಿದ್ದವರು, ಆಮೇಲೆ ಮೂರು ದಶಕಗಳ ಹತ್ತಿರ ಸಹಾಯಕ ಕೋಚ್. 2022ರ ಆಗಸ್ಟ್‌ನಲ್ಲಿ ಹಚಿನ್ಸ್ ನಿವೃತ್ತರಾದಾಗ ತಂಡ ಥೋಲ್ ಅವರ ಕೈಗೆ ಬಂತು. ಟೈಟಲ್ ನೈನ್‌ಗೆ ಐವತ್ತು ತುಂಬಿದ ವರ್ಷವೂ ಅದೇ.

ಗ್ಯಾಸೊ ಅವರ ಹಿರಿಮೆಯನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಯಾರೂ ಮಾಡದ ಸಾಧನೆ. 2023ರಲ್ಲಿ ಅವರ ತಂಡ 61 ಪಂದ್ಯ ಗೆದ್ದು ಒಂದರಲ್ಲಿ ಮಾತ್ರ ಸೋತಿತು. ಅವರೂ ಬರಿಗೈಯಿಂದ ಶುರು ಮಾಡಿದವರೇ: 1995ರಲ್ಲಿ ಒಕ್ಲಹೋಮಾಗೆ ಬಂದಾಗ ತಂಡಕ್ಕೆ ಸ್ವಂತ ಮೈದಾನವಿರಲಿಲ್ಲ, ಊರಿನ ಸಾರ್ವಜನಿಕ ಉದ್ಯಾನದಲ್ಲಿ ಆಡುತ್ತಿದ್ದರು. ಅತ್ಯುತ್ತಮ ತಂಡ ಯಾವುದು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಒಕ್ಲಹೋಮಾ ಎನ್ನುತ್ತೇನೆ. ಹಚಿನ್ಸ್ ಅವರ ಕೊನೆಯ ವರ್ಷಗಳಲ್ಲಿ ತಂಡ ಹಿಂದಿನಷ್ಟು ಎತ್ತರಕ್ಕೆ ಏರಲಿಲ್ಲ ಎಂಬುದೂ ನಿಜ. ಎಂಟು ತಂಡಗಳಷ್ಟೇ ಸೇರಿ ರಾಷ್ಟ್ರೀಯ ಪ್ರಶಸ್ತಿಗೆ ಸೆಣಸುವ ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್‌ಗೆ ಅವರು ಕೊನೆಯದಾಗಿ ಹೋದದ್ದು 2016ರಲ್ಲಿ. 2015ರಲ್ಲಿ ಮೂರು ಪಂದ್ಯಗಳ ಫೈನಲ್ ತಲುಪಿ ಮೂರನೆಯ ಪಂದ್ಯದಲ್ಲಿ ಫ್ಲಾರಿಡಾಕ್ಕೆ ಸೋತರು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ನೋಡಲೇಬೇಕಾದ ಪಂದ್ಯ. 2005ರ ಫೈನಲ್‌ನ ಮೂರನೆಯದನ್ನು ನೋಡಿ. ನಾನು ಈ ದೇಶಕ್ಕೆ ಬರುವ ಮೊದಲಿನದು. ಪ್ರಸಾರದ ವಿಡಿಯೊದಲ್ಲಿ ಎಷ್ಟು ಬಾರಿ ನೋಡಿದ್ದೇನೋ.

ನೋಡುವ ಮೊದಲು ಇಷ್ಟು ತಿಳಿದಿರಲಿ. ಹಚಿನ್ಸ್ ಅವರ ತಂಡ ಒಕ್ಲಹೋಮಾ ಸಿಟಿಯಲ್ಲಿ ನಡೆಯುವ ವರ್ಲ್ಡ್ ಸೀರೀಸ್‌ಗೆ ಮೊದಲು ತಲುಪಿದ್ದೇ 1995ರಲ್ಲಿ, ಅವರ ಹನ್ನೊಂದನೆಯ ಋತುವಿನಲ್ಲಿ. ಅಲ್ಲಿಂದ 2004ರವರೆಗೆ ಏಳು ಬಾರಿ ಹೋಗಿ ಏಳು ಬಾರಿಯೂ ಬರಿಗೈಯಲ್ಲಿ ಮರಳಿದ್ದರು. ಎಂಟನೆಯ ಬಾರಿ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಹಿಂದಿನ ಎರಡೂ ವರ್ಷಗಳ ಚಾಂಪಿಯನ್. ಮೂರು ಪಂದ್ಯಗಳಲ್ಲಿ ಎರಡು ಗೆದ್ದವರಿಗೆ ಪ್ರಶಸ್ತಿ ಎಂಬ ಕ್ರಮ ಆ ವರ್ಷವೇ ಶುರುವಾಗಿತ್ತು. ಮೊದಲ ಪಂದ್ಯ ಮಿಷಿಗನ್ 0–5ರಿಂದ ಸೋತಿತು. ಹಳೆಯ ಕಥೆಯೇ ಮತ್ತೆ ಎಂದುಕೊಂಡವರು ಎಷ್ಟೋ ಜನ. ಎರಡನೆಯದನ್ನು 5–2ರಿಂದ ಗೆದ್ದರು.

ಮೂರನೆಯದು ಜೂನ್ 8ರಂದು. ಸಾಫ್ಟ್‌ಬಾಲ್‌ನಲ್ಲಿ ಏಳು ಇನಿಂಗ್ಸ್, ಸಮವಾದರೆ ಮುಂದುವರಿಯುತ್ತದೆ. ಏಳು ಮುಗಿದಾಗ 1–1. ಎಂಟು, ಒಂಬತ್ತು ದಾಟಿದರೂ 1–1. ಮಿಷಿಗನ್‌ಗೆ ಪಿಚಿಂಗ್ ಮಾಡುತ್ತಿದ್ದವರು ಜೆನ್ನಿ ರಿಟ್ಟರ್. ಹತ್ತನೆಯ ಇನಿಂಗ್ಸ್‌ನಲ್ಲಿ ಬೇಸ್‌ಗಳ ಮೇಲೆ ಇಬ್ಬರು ನಿಂತಿರುವಾಗ ಸಮಾಂತಾ ಫಿಂಡ್ಲೆ ಎಂಬ ಮೊದಲ ವರ್ಷದ ವಿದ್ಯಾರ್ಥಿನಿ ಬ್ಯಾಟ್ ಹಿಡಿದು ಬಂದರು. ಚೆಂಡು ಬೇಲಿ ದಾಟಿತು. ಬೇಸ್‌ಗಳ ಮೇಲಿದ್ದ ಇಬ್ಬರೂ ಹೊಡೆದವರೂ ಸೇರಿ ಮೂರು ರನ್, 4–1. ಮಿಸಿಸಿಪಿ ನದಿಯ ಪೂರ್ವಕ್ಕೆ ಆ ಪ್ರಶಸ್ತಿ ದಾಟಿದ್ದು ಅದೇ ಮೊದಲು. ಆಮೇಲೆ ಅಲಬಾಮಾ, ಫ್ಲಾರಿಡಾ, ಫ್ಲಾರಿಡಾ ಸ್ಟೇಟ್ ತಂಡಗಳು ಗೆದ್ದವು. ಅವೆಲ್ಲ ಬೆಚ್ಚಗಿನ ದಕ್ಷಿಣದವು. ಹಿಮ ಬೀಳುವ ಮಧ್ಯಪಶ್ಚಿಮದಿಂದ 2025ರವರೆಗೆ ಇನ್ನೊಂದು ತಂಡ ಗೆದ್ದಿಲ್ಲ.

ಫಿಂಡ್ಲೆ ಹೊಡೆದ ಚೆಂಡನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ನಂತರ ಒಮ್ಮೆ ಹಿಂದಕ್ಕೆ ಹೋಗಿ ಎಂಟು ಮತ್ತು ಒಂಬತ್ತನೆಯ ಇನಿಂಗ್ಸ್‌ಗಳನ್ನು ಮೊದಲಿನಿಂದ ನೋಡಿ. ಒಂದೇ ಒಂದು ಎಡವಟ್ಟಾದರೂ ಎಲ್ಲ ಮುಗಿಯುವ ಹೊತ್ತು ಅದು. ಆಗ ಆ ಹುಡುಗಿಯರ ಕಾಲುಗಳನ್ನು ಗಮನಿಸಿ. ಚೆಂಡು ಪಿಚರ್ ಕೈ ಬಿಡುವ ಮೊದಲೇ ಪ್ರತಿಯೊಬ್ಬಳೂ ತನ್ನ ಜಾಗದಲ್ಲಿ ಮುಂಗಾಲಿನ ಮೇಲೆ ಬಾಗಿ ಸಿದ್ಧಳಾಗಿರುತ್ತಾಳೆ. ನನ್ನ ಮಗಳು ಶಾಲೆಯ ತಂಡದಲ್ಲಿ ಸೆಕೆಂಡ್ ಬೇಸ್ ಆಡಲು ಕಲಿತದ್ದು ಆ ಎರಡು ಇನಿಂಗ್ಸ್‌ಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ.