ಕಿರುಪ್ರಬಂಧಕ್ಕೆ ಎರಡೇ ಸ್ವರಗಳ ಉಬಿಖ್ ಭಾಷೆಯನ್ನು ಆರಿಸಬಹುದೇ?

ದಾವಣಗೆರೆಯಲ್ಲಿ ಎಂ.ಎ. ಓದುತ್ತಿರುವ ನೀವು, ಎರಡೇ ಸ್ವರಗಳ ಉಬಿಖ್ ಆರಿಸಲೋ, ಸ್ವರಗಳು ಕಿಕ್ಕಿರಿದ ಡ್ಯಾನಿಷ್ ಆರಿಸಲೋ ಎಂದು ಕೇಳಿದ್ದೀರಿ. ನಾನೂ ಉಬಿಖ್ ಹಿಂದೆ ಬಿದ್ದವನೇ. ಎಂಬತ್ತಕ್ಕೂ ಹೆಚ್ಚು ವ್ಯಂಜನಗಳು, ಎರಡೇ ಸ್ವರಗಳು, ಅದನ್ನು ಬಲ್ಲ ಕೊನೆಯ ಮಾತುಗಾರ ತೆವ್ಫಿಕ್ ಎಸೆಂಚ್ ತುರ್ಕಿಯಲ್ಲಿ 1992ರಲ್ಲಿ ತೀರಿಕೊಂಡದ್ದು, ಇಷ್ಟನ್ನು ಓದಿದ ಮೇಲೆ ಚಳ್ಳಕೆರೆ ಕಡೆಯ ಹುಡುಗನಿಗೆ ಬೇರೆ ವಿಷಯ ಹೇಗೆ ರುಚಿಸೀತು?

"ಉಬಿಖ್ ಜನರ ಬಾಯಲ್ಲಿ ಎರಡೇ ಸ್ವರಗಳು ಕೇಳಿಬರುತ್ತಿದ್ದವು" ಎಂದು ನನ್ನ ಕಿರುಪ್ರಬಂಧದಲ್ಲಿ ಬರೆದೆ. ನನ್ನನ್ನು ಮುಳುಗಿಸಿದ್ದು ಆ ಒಂದು ವಾಕ್ಯ. ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರು, "ನಿಮ್ಮೂರಲ್ಲಿ ಬೇಡ ಎನ್ನುವುದಕ್ಕೆ ಏನನ್ನುತ್ತಾರೆ?" ಎಂದರು. "ಬ್ಯಾಡ ಅಂತೀವಿ ಸರ್" ಎಂದೆ. "ಹಾಗಾದರೆ ಬೇಕು ಎನ್ನುವುದಕ್ಕೆ ಬ್ಯಾಕು ಅಂತೀರೇನು?" ನನ್ನ ಬಳಿ ಉತ್ತರವಿರಲಿಲ್ಲ.

ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ನಮ್ಮ ಕಡೆಯ ಏಕಾರ ಹಾಗೆಯೇ ಉಳಿಯುತ್ತದೆ, ಅ ಅಥವಾ ಎ ಇದ್ದರೆ ಬಾಯಿ ಅಗಲವಾಗುತ್ತದೆ. ಬೇಕು, ಬೇಲಿ ಬದಲಾಗುವುದಿಲ್ಲ. ಬೇಡ, ಬೇರೆ, ಮೇಲೆ ಎಂಬವು ಬ್ಯಾಡ, ಬ್ಯಾರೆ, ಮ್ಯಾಲೆ ಆಗುತ್ತವೆ. ಕೋಳಿ ಕೋಳಿಯಾಗಿಯೇ ಇದ್ದು ತೋಟ ಮಾತ್ರ ತ್ವಾಟವಾಗುವುದೂ ಇದೇ ಲೆಕ್ಕ. ಕಿವಿಗೆ ಬೀಳುವ ಸ್ವರಗಳು ಎರಡಾದರೂ, ಯಾವುದು ಎಲ್ಲಿ ಬರಬೇಕೆಂಬುದನ್ನು ನೆರೆಯ ಸ್ವರವೇ ತೀರ್ಮಾನಿಸುವುದರಿಂದ, ಅವು ಒಂದೇ ಧ್ವನಿಮಾದ, ಅಂದರೆ ಪದದ ಅರ್ಥವನ್ನು ಬದಲಿಸಬಲ್ಲ ಒಂದೇ ಧ್ವನಿಘಟಕದ, ಎರಡು ರೂಪಗಳು. ಉಬಿಖ್‌ನಲ್ಲೂ ಎರಡು ಎಂಬುದು ಧ್ವನಿಮಾಗಳ ಎಣಿಕೆ. ಅಕ್ಕಪಕ್ಕದ ವ್ಯಂಜನಗಳಿಗೆ ತಕ್ಕಂತೆ ಅವು ಇ, ಉ, ಎ, ಒಗಳಂತೆಯೂ ಕೇಳಿಸುತ್ತಿದ್ದವು. ಧ್ವನಿಮಾಗಳ ಎಣಿಕೆಯನ್ನು ಬಾಯಿಂದ ಹೊರಡುವ ಧ್ವನಿಗಳ ಎಣಿಕೆ ಎಂದು ತಿಳಿದು, ಆ ತಪ್ಪಿನ ಮೇಲೆ ನಲವತ್ತು ಪುಟ ಕಟ್ಟಿದ್ದೆ. ದಿನವೂ ಬ್ಯಾಡ, ಬೇಕು ಎನ್ನುತ್ತಿದ್ದ ನನಗೇ ಅದು ಹೊಳೆಯಲಿಲ್ಲವೆಂಬುದು ಇಂದಿಗೂ ನಾಚಿಕೆಯ ಸಂಗತಿ. ಮತ್ತೆ ಬರೆಯಲು ಆರು ತಿಂಗಳು ಹೋದವು.

ಡ್ಯಾನಿಷ್‌ನಲ್ಲೂ ಸ್ವರಗಳ ಸಂಖ್ಯೆ ಎಣಿಸುವವರ ವಿಧಾನದ ಮೇಲೆ ಏರಿಳಿಯುತ್ತದೆ. ಆದ್ದರಿಂದ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಅಪರೂಪದ ಸ್ವರಗಳೇ ಬೇಕಾದರೆ ಕನ್ನಡಕ್ಕೆ ತೀರ ಹತ್ತಿರದ, ನೀಲಗಿರಿಯ ಬಡಗ ಭಾಷೆಯಿದೆ; ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಅದರ ಸ್ವರಗಳನ್ನು ಭಾಷಾವಿಜ್ಞಾನಿ ಎಂ.ಬಿ. ಎಮೆನೋ 1939ರಲ್ಲೇ ವಿವರಿಸಿದ್ದರು. ಅದಕ್ಕೂ ಮೊದಲು ನಿಮ್ಮ ಮನೆಯ ಹಿರಿಯರ ಮಾತನ್ನು ಅರ್ಧ ಗಂಟೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮ್ಯಾಲೆ ಎನ್ನುವವರು ಮೇಲಿಂದ ಎನ್ನಬೇಕಾದಾಗ ಏನು ಮಾಡುತ್ತಾರೆಂದು ಗಮನಿಸಿ. ಮುಂದೆ ಇಕಾರವಿದ್ದರೂ ನಮ್ಮ ಅಜ್ಜಿ ಮ್ಯಾಲಿಂದ ಎಂದೇ ಹೇಳುತ್ತಿದ್ದರು.