ತಂತಿ ನೆಲಕ್ಕೆ ಬಿದ್ದರೂ ಫೀಡರ್ ಏಕೆ ಟ್ರಿಪ್ ಆಗಲಿಲ್ಲ?

ಪ್ರಶ್ನೆ: ಗಾಳಿ ಬೀಸಿದರೆ ಸಾಕು, ನಮ್ಮೂರಿನ 11 ಕೆವಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನ್) ಟ್ರಿಪ್ ಆಗುತ್ತದೆ. ಆದರೆ ಕಳೆದ ಬೇಸಿಗೆಯಲ್ಲಿ ತಂತಿ ಹರಿದು ಗದ್ದೆಯ ಬದುವಿನ ಮೇಲೆ ಬಿದ್ದಾಗ, ಲೈನ್‌ಮನ್ ಫೋನ್ ಮಾಡಿ ಲೈನ್ ತೆಗೆಸುವವರೆಗೂ ಅದರಲ್ಲಿ ಕರೆಂಟ್ ಇತ್ತು. ಇಂಥ ರಕ್ಷಣೆಯನ್ನು ನಂಬುವುದು ಹೇಗೆ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಆತಂಕ ನ್ಯಾಯವಾದುದು. ದೋಷ ಗುರುತಿಸಿ ಲೈನ್ ಕಡಿಸುವ ಸಾಧನವೇ ರಿಲೇ; ಸಬ್‌ಸ್ಟೇಷನ್ನಿನಲ್ಲಿರುವ ಅದಕ್ಕೆ ತಂತಿ ಹರಿದದ್ದು ಕಾಣುವುದಿಲ್ಲ. ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಗಾಳಿಗೆ ಎರಡು ತಂತಿಗಳು ತಗುಲಿದಾಗ ನೂರಾರು ಆಂಪಿಯರ್ ನುಗ್ಗುವುದರಿಂದ ಅದು ಕೂಡಲೇ ಬ್ರೇಕರನ್ನು (ಲೈನ್ ಕಡಿಯುವ ಸ್ವಿಚ್ಚನ್ನು) ಬೀಳಿಸುತ್ತದೆ. ಒಣಗಿದ ಬದುವಿನ ಮಣ್ಣು ಎಷ್ಟು ತಡೆಯೊಡ್ಡುತ್ತದೆಂದರೆ, ಅಲ್ಲಿ ನೆಲಕ್ಕಿಳಿಯುವುದು ಕೆಲವೇ ಆಂಪಿಯರ್ ಇರಬಹುದು. ಜೀವ ತೆಗೆಯಲು ಅದು ಧಾರಾಳವಾಗಿ ಸಾಕು, ರಿಲೇಯ ಸೆಟ್ಟಿಂಗ್ (ಎಷ್ಟು ಕರೆಂಟಿಗೆ ಅದು ಲೈನ್ ಕಡಿಸಬೇಕೆಂಬ ಮಿತಿ) ಮುಟ್ಟಲು ಸಾಲದು. ಸೆಟ್ಟಿಂಗನ್ನೇ ಇಳಿಸೋಣವೆಂದರೆ, ಕರೆಂಟ್ ಬಂದೊಡನೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆಗುವಾಗಿನ ಏರುಪೇರನ್ನೂ ರಿಲೇ ದೋಷವೆಂದು ಬಗೆದು ಲೈನನ್ನು ಮತ್ತೆ ಮತ್ತೆ ಕಡಿಯುತ್ತದೆ.

ಬೇಕಾದಾಗ ತಪ್ಪದೆ ಕೆಲಸ ಮಾಡುವುದು, ಬೇಡದಾಗ ಸುಮ್ಮನಿರುವುದು, ಈ ಎರಡೂ ಸೇರಿದರೇ ರಕ್ಷಣೆ ವಿಶ್ವಾಸಾರ್ಹ. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕುಗ್ಗುತ್ತದೆ. ಸುಮ್ಮನಿರಬೇಕಾದ ರಿಲೇ ಸುಮ್ಮನಿರದಿದ್ದರೆ ಏನಾಗುತ್ತದೆಂಬುದನ್ನು 2012ರ ಜುಲೈ 30ರಂದು ಉತ್ತರ ಭಾರತ ಕಂಡಿತು. ಬೀನಾ–ಗ್ವಾಲಿಯರ್ 400 ಕೆವಿ ಲೈನಿನಲ್ಲಿ ದೋಷವಿರಲಿಲ್ಲ. ಮಿತಿಮೀರಿದ ಹೊರೆಯನ್ನೇ ರಿಲೇ ದೋಷವೆಂದು ತಿಳಿದು ಲೈನನ್ನು ಕಡಿಯಿತು, ಇಡೀ ಗ್ರಿಡ್ ಕುಸಿಯಿತು. (ದಕ್ಷಿಣದ ಗ್ರಿಡ್ ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ಅದರ ಜೊತೆ ಬೆಸೆದುಕೊಂಡದ್ದು 2013ರ ಡಿಸೆಂಬರ್ 31ರಂದು; ಆದ್ದರಿಂದ ನಮಗೆ ಅದರ ಬಿಸಿ ತಟ್ಟಲಿಲ್ಲ.)

ನನ್ನನ್ನು ಹೆಚ್ಚು ಕಾಡುವುದು ಮಾತ್ರ ರಕ್ಷಣಾ ಸಾಧನಗಳ ಒಳಗೇ ಅಡಗಿ ಕುಳಿತ ದೋಷ. ಮೈಸೂರಿನ ಸುತ್ತಮುತ್ತ ಕೆಲಸ ಮಾಡುತ್ತಿದ್ದಾಗ ಒಂದು ಸಬ್‌ಸ್ಟೇಷನ್ನಿನಲ್ಲಿ ರಿಲೇಯ ಫ್ಲಾಗ್ (ಅದು ಕೆಲಸ ಮಾಡಿದೆಯೆಂದು ತೋರಿಸುವ ಗುರುತು) ಬಿದ್ದಿತ್ತು, ಬ್ರೇಕರ್ ಅಲುಗಿರಲಿಲ್ಲ. ಬ್ಯಾಟರಿ ಕೋಣೆಯಲ್ಲಿ ಟಾರ್ಚ್ ಹಾಕಿ ನೋಡಿದರೆ, ಒಂದು ಸೆಲ್ಲಿನ ಟರ್ಮಿನಲ್ ಬಿಳಿ ಪುಡಿ ಕಟ್ಟಿ ಸಡಿಲಾಗಿತ್ತು. ಬ್ರೇಕರನ್ನು ಬೀಳಿಸುವ ಟ್ರಿಪ್ ಕಾಯಿಲಿಗೆ ಬ್ಯಾಟರಿಯಿಂದ ಸೇರಬೇಕಾದ ಡಿಸಿ ಕರೆಂಟ್ ಅಲ್ಲೇ ನಿಂತುಬಿಟ್ಟಿತ್ತು. ಆ ಸೆಲ್ ಎಷ್ಟು ದಿನಗಳಿಂದ ಹಾಗಿತ್ತೋ, ಫಾಲ್ಟ್ ಆಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಆದ್ದರಿಂದ ನಿಮ್ಮ ಫೀಡರಿನ ರಿಲೇ, ಬ್ಯಾಟರಿ ಮತ್ತು ಬ್ರೇಕರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ಲಿಖಿತವಾಗಿ ಕೇಳಿರಿ. ತಂತಿ ಬಿದ್ದದ್ದು ಕಂಡರೆ, ಕಿಡಿ ಹಾರದಿದ್ದರೂ ಅದರಲ್ಲಿ ಕರೆಂಟ್ ಇದೆಯೆಂದೇ ತಿಳಿದು, ಜನ ಜಾನುವಾರುಗಳನ್ನು ದೂರ ತಡೆದು 1912ಕ್ಕೆ ಕರೆ ಮಾಡಿರಿ.