ಪುಣೆಯಲ್ಲಿ ನಾಲ್ಕು ಜನರ ಮನೆಗೆ ಹ್ಯಾಚ್‌ಬ್ಯಾಕ್ ಕಾರು ಸಾಕಾಗುತ್ತಾ?
ಖಂಡಿತ ಸಾಕು. ಇದರಲ್ಲಿ ಡಿಕ್ಕಿ ಬೇರೆ ಪೆಟ್ಟಿಗೆಯಲ್ಲ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ, ಸೀಟು ಮಡಚಿದರೆ ಒಳಗೆಲ್ಲ ಒಂದೇ ಜಾಗ. ಬೆಳಗಾವಿಯಿಂದ ಪುಣೆಯ ಕೊಥ್ರೂಡಿಗೆ ಅಕ್ಕಿ ಮೂಟೆಯ ಜೊತೆ ಅಜ್ಜಿಯ ಮರದ ತೊಟ್ಟಿಲನ್ನೂ ನಾವು ಹಾಗೇ ತಂದೆವು! ಸದಾಶಿವ ಪೇಟೆಯ ಇಕ್ಕಟ್ಟು ಗಲ್ಲಿಯಲ್ಲಿ ನಿಲ್ಲಿಸಲು ಇದೇ ಸುಲಭ.

ಹೆಚ್ಚಿನವು 4 ಮೀಟರ್ ಒಳಗೇ ಇರುವುದಕ್ಕೆ ತೆರಿಗೆಯೂ ಒಂದು ಕಾರಣ. 2006ರ ಕೇಂದ್ರ ಬಜೆಟ್‌ನಲ್ಲಿ ಅಷ್ಟು ಉದ್ದದ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕವನ್ನು (ತಯಾರಿಕೆಯ ಮೇಲಿನ ತೆರಿಗೆ) ಶೇ. 24ರಿಂದ 16ಕ್ಕೆ ಇಳಿಸಿದರು.

ನಾಲ್ವರೂ ಕೂತರೆ ಮಾತ್ರ ಸೀಟು ಮಡಚಲಾಗದು, ಸಾಮಾನು ಕಡಿಮೆ ಮಾಡಿ. ಎಸಿ ಹಾಕಿಕೊಂಡು ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿ ಹತ್ತುವಾಗ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಊರಿಗೆ ಓಡಾಟ ಜಾಸ್ತಿ ಅಂದ್ರೆ 1200 ಸಿಸಿಯದ್ದೇ ತಗೊಳ್ಳಿ.